ದಾರ ಬಿಡದ ಕೈ

2014ರ ಆಷಾಢ. ನಮ್ಮ ಕಡೆ ಕಾರಹುಣ್ಣಿಮೆ ಮುಗಿದರೂ ಗಾಳಿಪಟದ ಹುಚ್ಚು ಇಳಿಯುವುದಿಲ್ಲ, ಯಾಕೆಂದರೆ ಗಾಳಿಯೇ ಇಳಿಯುವುದಿಲ್ಲ. ಮೋಡ ಬರುತ್ತದೆ, ಮಳೆ ಬರುವುದಿಲ್ಲ, ಹಗಲೆಲ್ಲ ಬರೀ ಗಾಳಿ. ಕುಷ್ಟಗಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಪಕ್ಕದಲ್ಲಿ ಮೆಹಬೂಬನ ಕುಶನ್ ಅಂಗಡಿ, ಸೀಟು, ತಾಡಪತ್ರಿ ಹೊಲಿಯುತ್ತಾನೆ. ಎದುರಿಗೆ ಶರಣಪ್ಪನ ವೆಲ್ಡಿಂಗ್ ಗ್ಯಾರೇಜು. ಮದುವೆಯಾಗಿ ಮಕ್ಕಳಾಗಿದ್ದರೂ ಪಟ ಕಂಡರೆ ಮೂವರೂ ಸಣ್ಣ ಹುಡುಗರೇ.

ರಿಪೇರಿಗೆ ಬಂದ ಯಾರದೋ ಮೊಬೈಲಿನಲ್ಲಿ ಒಂದು ವಿಡಿಯೋ ಇತ್ತು. ಮೂರು ಗಾಲಿಯ ಸಣ್ಣ ಬಂಡಿಯಲ್ಲಿ ಒಬ್ಬ ಕುಳಿತಿದ್ದಾನೆ, ಕೈಯಲ್ಲಿ ದೊಡ್ಡ ಪಟದ ದಾರ. ಎಂಜಿನ್ ಇಲ್ಲ, ಎತ್ತಿಲ್ಲ, ಪಟವೇ ಬಂಡಿಯನ್ನು ಮರಳಿನ ಮೇಲೆ ಎಳೆದುಕೊಂಡು ಓಡುತ್ತಿದೆ. ಇಬ್ಬರನ್ನೂ ಕರೆದು ತೋರಿಸಿದೆ.

"ಇದೇನ್ ದೊಡ್ಡ ವಿದ್ಯಾ ಅಲ್ಲ ಬಿಡ್ಲೇ. ಮೂರು ಗಾಲಿ, ನಾಕು ಪೈಪು," ಎಂದ ಶರಣಪ್ಪ.

"ಬಟ್ಟಿ ನನ್ನ ಕಡೆ ಐತಿ," ಎಂದ ಮೆಹಬೂಬ.

ಹಳೆ ಆಟೊದ ಗಾಲಿ ಹಾಕಿ ಬಂಡಿ ತಯಾರಾಯಿತು. ಮುಂದಿನ ಗಾಲಿಯನ್ನು ಕಾಲಿನಿಂದ ತಿರುಗಿಸಬೇಕು. ಪ್ಯಾರಾಶೂಟ್ ಬಟ್ಟೆಯಲ್ಲಿ ಮೆಹಬೂಬ ಹೊಲಿದ ಪಟ ಒಂದು ಕೋಣೆಯಷ್ಟು ಅಗಲ. ಎರಡು ನೈಲಾನ್ ಹಗ್ಗ, ತುದಿಗೆ ಹಿಡಿಯಲು ಒಂದು ಪೈಪಿನ ತುಂಡು. ಗಾಲಿಗೆ ಲಿಂಬೆಹಣ್ಣು ಇಟ್ಟೆವು, ತೆಂಗಿನಕಾಯಿ ಒಡೆದೆವು, ಕರಿದಾರ ಕಟ್ಟಿದೆವು. ಬ್ರೇಕು ಹಾಕಬೇಕೆಂಬುದು ಮಾತ್ರ ಮೂವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

"ಗಾಳಿ ಕೈ ಮೀರಿತು ಅಂದ್ರ ಹಿಡಿಕಿ ಬಿಟ್ಟುಬಿಡ್ರಿ. ಪಟ ತಾನ ಬೀಳ್ತೈತಿ, ಬಂಡಿ ತಾನ ನಿಲ್ತೈತಿ," ಎಂದು ಶರಣಪ್ಪ ಕಾನೂನು ಮಾಡಿದ. ನಾವಿಬ್ಬರೂ ಹೂಂ ಅಂದೆವು.

ನಾನು ಹೂಂ ಅಂದದ್ದು ಬಾಯಿಂದ. ಕೈಗೆ ಬೇರೆಯದೇ ಪಾಠ ಆಗಿತ್ತು. ನಮ್ಮ ಓಣಿಯಲ್ಲಿ ಪಟ ಹರಿದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಹೆದರಿ ದಾರ ಬಿಟ್ಟವನ ಹಿಂದೆ ಊಟದ ತಾಟು ಬಡಿಯುತ್ತ ಅವನ ಮನೆ ಬಾಗಿಲವರೆಗೆ ಹೋಗುತ್ತಾರೆ. ಚಿಕ್ಕಂದಿನಿಂದ ಆ ತಾಟಿನ ಸಪ್ಪಳ ಒಮ್ಮೆಯೂ ನನ್ನ ಹಿಂದೆ ಬಂದಿರಲಿಲ್ಲ. ಅಂಗೈಗೆ ದಾರ ಒಂದು ಸುತ್ತು ಸುತ್ತಿಕೊಂಡೇ ಪಟ ಹಾರಿಸುವವನು ನಾನು.

ಊರಿಂದ ಸ್ವಲ್ಪ ದೂರದ ಹಳ್ಳಿಯ ಕೆರೆ ಒಣಗಿ ಬಟಾಬಯಲಾಗಿತ್ತು. ಎರಡು ಭಾನುವಾರ ಅಲ್ಲಿ ಸರದಿಯ ಮೇಲೆ ಓಡಿಸಿದೆವು. ಅಬ್ಬಾ, ಆ ಖುಷಿ! ಆಡು ಮೇಯಿಸುವ ಅಜ್ಜನೊಬ್ಬ ನಿಂತು ನೋಡಿ, "ಹೊಟ್ಟಿ ತುಂಬಿದ ಮಂದಿ ಆಟ ಬಿಡ್ರೆಪಾ," ಎಂದು ಹೋದ. ಕೆರೆಯ ಆ ತುದಿಯಲ್ಲಿ ರೈತರು ಹೊಲಕ್ಕೆ ಹೂಳು ಒಯ್ಯಲು ಜೆಸಿಬಿಯಿಂದ ತೋಡಿಸಿದ ದೊಡ್ಡ ತಗ್ಗಿತ್ತು. ಎರಡಾಳು ಆಳ. ಅದರ ಈಚೆಗೆ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದೆವು. ಅಲ್ಲಿಗೆ ಬರುವ ಮೊದಲೇ ಬಂಡಿ ತಿರುಗಿಸಬೇಕು.

ಮೂರನೇ ಭಾನುವಾರ ಮಧ್ಯಾಹ್ನ ನನ್ನ ಪಾಳಿ. ಹೊರಟಾಗ ಗಾಳಿ ಹದವಾಗಿಯೇ ಇತ್ತು. ಪೈಪಿನ ಜೊತೆಗೆ ಹಗ್ಗದ ಉಳಿದ ತುದಿಯನ್ನೂ ರೂಢಿಯಂತೆ ಅಂಗೈಗೆ ಒಂದು ಸುತ್ತು ಸುತ್ತಿಕೊಂಡಿದ್ದೆ. ಅರ್ಧ ದಾರಿಗೆ ಬಂದಿದ್ದೆ, ಹಿಂದಿನಿಂದ ಯಾರೋ ನೂಕಿದ ಹಾಗಾಯಿತು. ತೋಳು ಕಿತ್ತು ಬರುವಂಥ ಎಳೆತ. ಕಾಲಿನಿಂದ ಗಾಲಿ ತಿರುಗಿಸಲು ನೋಡಿದೆ, ಬಂಡಿ ನೆಟ್ಟಗೆ ಓಡುತ್ತಲೇ ಇತ್ತು. ಕೆಂಪು ಬಟ್ಟೆ ಕಂಡಿತು, ನೋಡನೋಡುತ್ತ ಹಿಂದೆ ಹೋಯಿತು.

"ಬಸ್ಯಾ, ಬಿಡೋ! ಬಿಡಲೇ!" ಮೆಹಬೂಬ ಕೂಗುತ್ತ ಓಡಿ ಬರುತ್ತಿದ್ದ.

ಕೇಳಿಸಿತು. ಬಿಡಬೇಕೆಂದು ಗೊತ್ತೂ ಇತ್ತು. ಕೈ ಬಿಡಲಿಲ್ಲ. ಹೆದರಿಕೆ ಹೆಚ್ಚಿದಷ್ಟೂ ಬೆರಳು ಬಿಗಿಯಾದವು. ಮರುಗಳಿಗೆ ನನ್ನ ಕೆಳಗೆ ಬಂಡಿ ಇರಲಿಲ್ಲ.

ಮೊದಲು ತಿಳಿಯಲೇ ಇಲ್ಲ. ಗಾಲಿಗಳ ಸದ್ದು ನಿಂತಿತು, ಕಾಲು ಜೋತಾಡತೊಡಗಿದವು. ಕೆಳಗೆ ನೋಡಿದೆ. ನೆಲ ದೂರ ಇತ್ತು. ನಾನಿಲ್ಲದ ಬಂಡಿ ತನ್ನ ಪಾಡಿಗೆ ತಾನು ಓಡಿ ತಗ್ಗಿನೊಳಗೆ ಮುಗ್ಗರಿಸಿ ತಲೆಕೆಳಗಾಗಿ ಬಿತ್ತು. ಆ ಕಬ್ಬಿಣದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಗಾಳಿ ಎತ್ತದಿದ್ದರೆ ಅದರಡಿ ನಾನಿರುತ್ತಿದ್ದೆ.

ಮೆಹಬೂಬ ಇನ್ನೂ ಕೂಗುತ್ತಲೇ ಇದ್ದ, "ಬಿಡೋ, ಬಿಡೋ!" ಆಗ ನನ್ನ ಕೈಗೆ ಬುದ್ಧಿ ಬಂತು ನೋಡಿ. ಅಂಗೈಯ ಸುತ್ತು ಬಿಚ್ಚಿದೆ. ಬೆರಳು ಸಡಿಲಾಗುತ್ತಿದ್ದವು. ನಾನಿದ್ದದ್ದು ಸರಿಯಾಗಿ ಆ ತಗ್ಗಿನ ಮೇಲೆ, ಕೆಳಗೆ ಬಂಡಿಯ ಪೈಪುಗಳು ಮೇಲ್ಮುಖವಾಗಿ ನಿಂತಿದ್ದವು.

"ಬಿಡಬ್ಯಾಡ! ಗಟ್ಟಿ ಹಿಡಿಯೋ ಬಸ್ಯಾ!"

ಅದು ಶರಣಪ್ಪನ ದನಿ. ಬಿಡಬೇಕೆಂದು ಕಾನೂನು ಮಾಡಿದವನೇ ಬಿಡಬೇಡ ಎನ್ನುತ್ತಿದ್ದ. ಯಾರ ಮಾತು ಕೇಳಲಿ? ಯೋಚಿಸಲು ಎಲ್ಲಿತ್ತು ಹೊತ್ತು! ಜಾರುತ್ತಿದ್ದ ಪೈಪನ್ನು ಮತ್ತೆ ಹಿಡಿದೆ. ಗಾಳಿ ನನ್ನನ್ನು ತಗ್ಗು ದಾಟಿಸಿ ಆಚೆಗೆ ಒಯ್ದು, ಬೇಡವಾದ ವಸ್ತುವಿನಂತೆ ಬಳ್ಳಾರಿ ಜಾಲಿಯ ಪೊದೆಯೊಳಗೆ ಬಿಸಾಕಿತು.

ಎಡಗೈ ಮುರಿದಿತ್ತು, ಮೈತುಂಬ ಮುಳ್ಳು. ಜೀವ ಇತ್ತು. ಶರಣಪ್ಪ ಓಡಿ ಬಂದು ನನ್ನನ್ನು ಎಳೆದು ಹೊರಗೆ ಕೂರಿಸಿದ. ಮೆಹಬೂಬ ಬರಲಿಲ್ಲ. ತಗ್ಗಿನ ದಂಡೆಯಲ್ಲಿ ನಿಂತು ಬಂಡಿಯನ್ನೇ ನೋಡುತ್ತಿದ್ದ. ಮೇಲಾದ ಒಂದು ಗಾಲಿ ಇನ್ನೂ ತಿರುಗುತ್ತಿತ್ತು. ಕೊನೆಗೆ ನನ್ನ ಹತ್ತಿರ ಬಂದು ಕುಕ್ಕರಿಸಿದ.

"ನಾ ಬಿಡು ಅಂದೆ," ಎಂದ. "ಯಾ ಅಲ್ಲಾ, ನೀ ನನ್ನ ಮಾತು ಕೇಳಿಬಿಟ್ಟಿದ್ರ?"

ಅವನದೇನು ತಪ್ಪು? ಬಂಡಿಯಲ್ಲಿದ್ದಾಗ ಕೇಳಿದ್ದರೆ ಅವನ ಮಾತೇ ನನ್ನನ್ನು ಉಳಿಸುತ್ತಿತ್ತು. ತುಸು ಹೊತ್ತಿಗೆ ಅದೇ ಮಾತು ನನ್ನನ್ನು ಕೊಲ್ಲುವುದಿತ್ತು.

ಮನೆಯಲ್ಲಿ ಹೆಂಡತಿ ಗಿರಿಜಾ ಚಿಮಟಿಗೆ ಹಿಡಿದು ಮುಳ್ಳು ತೆಗೆಯುತ್ತ ಕೂತಳು. ಅಳುತ್ತಲೂ ಇದ್ದಳು, ಬೈಯುತ್ತಲೂ ಇದ್ದಳು. "ತಾಟು ಬಡದಿದ್ರ ಏನ್ ಆಕ್ಕಿತ್ರಿ? ನಾನೂ ಅವರ ಜೋಡಿ ಬಡೀತಿದ್ದೆ, ನೀವು ಮನಿಗೆ ಬಂದೀರಿ ಅಂತ!"

ಬಂಡಿಯನ್ನು ಶರಣಪ್ಪ ಗುಜರಿಗೆ ಹಾಕಿದ. ಪಟದ ಬಟ್ಟೆಯಲ್ಲಿ ಮೆಹಬೂಬ ನನ್ನ ಮಗಳಿಗೆ ಶಾಲೆಯ ಚೀಲ ಹೊಲಿದುಕೊಟ್ಟ. ಈಗಲೂ ಅಂಗಡಿಯಲ್ಲಿ ಏನಾದರೂ ಸಲಹೆ ಕೇಳಿದರೆ, "ನನ್ನ ಮಾತು ಕೇಳಬ್ಯಾಡೋ ಮಾರಾಯಾ," ಎನ್ನುತ್ತಾನೆ. ನಗುತ್ತಾನೆ, ಆದರೆ ನನ್ನ ಮುಖ ನೋಡುವುದಿಲ್ಲ.

ಮಗಳು ದೊಡ್ಡವಳಾಗಿದ್ದಾಳೆ. ಹೋದ ಕಾರಹುಣ್ಣಿಮೆಗೆ ಮಾಳಿಗೆಯ ಮೇಲೆ ಪಟ ಹಾರಿಸುತ್ತಿದ್ದಳು. ಗಾಳಿ ಜೋರಾಯಿತು. ನೋಡುತ್ತೇನೆ, ದಾರವನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಂಡಿದ್ದಾಳೆ. ನಾನು ಕಲಿಸಿದ್ದಲ್ಲ. ಓಡಿಹೋಗಿ ಅವಳ ಕೈ ಹಿಡಿದೆ.

"ಬಿಟ್ಟುಬಿಡವ್ವಾ."

"ಬಿಟ್ರ ನಗ್ತಾರಪ್ಪಾ. ಇನ್ನೊಂಚೂರು ನೋಡ್ತೀನಿ. ಹಂಗಾರ ಯಾವಾಗ ಬಿಡಬೇಕು?"

"ಕಾಲು ನೆಲದ ಮ್ಯಾಲ ಇದ್ದಾಗನ ಬಿಡಬೇಕವ್ವಾ," ಎಂದೆ. "ಆಮ್ಯಾಲ ಬಿಡಾಕ ಬರಾಂಗಿಲ್ಲ."