ಎಡಗೈಯಲ್ಲಿ ಮೊಟ್ಟೆ ಒಡೆಯುತ್ತಿದ್ದ ಗುರುಸಿದ್ದಪ್ಪ

ಗುರುಸಿದ್ದಪ್ಪನವರು ಮೊಟ್ಟೆ ಒಡೆಯುವುದನ್ನು ನೋಡಬೇಕಿತ್ತು. ಮೂಗು ಬಾಯಿ ಮುಚ್ಚುವಂತೆ ಟವೆಲ್ಲು ಬಿಗಿದುಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಎಡಗೈಯೊಂದನ್ನು ಮಾತ್ರ ಬೋಗುಣಿಯತ್ತ ಚಾಚುತ್ತಿದ್ದರು. ಹಾವಿನ ಬುಟ್ಟಿಗೆ ಕೈ ಹಾಕಿದವರ ಹಾಗೆ. ಲೋಳೆ ಬೆರಳಿಗೆ ತಗುಲಿದರೆ ಭುಜ ಜುಮ್ಮೆಂದು ನಡುಗುತ್ತಿತ್ತು. ಬಲಗೈ ಬೆನ್ನ ಹಿಂದೆ. ಅದು ಉಣ್ಣುವ, ವಿಭೂತಿ ಹಚ್ಚುವ ಕೈ, ಅದಕ್ಕೆ ಮೊಟ್ಟೆಯ ಸಿಪ್ಪೆಯೂ ಸೋಕಬಾರದು.

ಇಷ್ಟು ಹೇಸಿಕೊಂಡು ಬೇಕರಿ ನಡೆಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ತೊಂಬತ್ತರ ದಶಕದಲ್ಲಿ ನಾವು ನಂಜನಗೂಡಿನಲ್ಲಿದ್ದೆವು. ಯಜಮಾನರಿಗೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ. ನಮ್ಮ ಬಾಡಿಗೆ ಮನೆಯ ಹಿತ್ತಲಿಗೂ ಗುರುಸಿದ್ದಪ್ಪನವರ ಬೇಕರಿಯ ಹಿಂಭಾಗಕ್ಕೂ ನಡುವೆ ಎದೆಮಟ್ಟದ ಒಂದು ಗೋಡೆ. ನಾನು ಪಾತ್ರೆ ಬೆಳಗುತ್ತಾ ಕೂತರೆ ಅವರ ಕೆಲಸವೆಲ್ಲ ಕಾಣುತ್ತಿತ್ತು. ಅವರು ಕವಲಂದೆ ಕಡೆಯವರು, ಮೂಲದಲ್ಲಿ ಹಿಟ್ಟಿನ ವ್ಯಾಪಾರಿ. ಕೇರಳದ ಒಬ್ಬನ ಜೊತೆ ಪಾಲುದಾರರಾಗಿ ಬೇಕರಿ ಹಾಕಿದ್ದರು. ಒಲೆಯ ಕಡೆ ಅವನು, ಗಲ್ಲಾಪೆಟ್ಟಿಗೆ ಕಡೆ ಇವರು ಅಂತ ಮಾತು. ಅವನು ಅಣ್ಣನ ಮದುವೆಗೆಂದು ಊರಿಗೆ ಹೋದವನು ತಿರುಗಿ ಬರಲೇ ಇಲ್ಲ. ಉಳಿದದ್ದು ಒಲೆ, ಟ್ರೇಗಳು, ಕೇಕಿಗೆಂದು ತರಿಸಿದ್ದ ಮೊಟ್ಟೆ, ಮತ್ತು ಮೊಟ್ಟೆ ಕಂಡರೆ ಹೊಟ್ಟೆ ತೊಳಸುವ ಗುರುಸಿದ್ದಪ್ಪನವರು.

ತಮ್ಮ ಬೇಕರಿಯ ಒಂದು ತುಣುಕನ್ನೂ ಅವರು ಬಾಯಿಗೆ ಇಟ್ಟವರಲ್ಲ. ಮೊಟ್ಟೆ ಹಾಕದ ಬನ್ನನ್ನೂ ಮುಟ್ಟುತ್ತಿರಲಿಲ್ಲ. ಕೇಳಿದರೆ, "ಒಂದೇ ಒಲೆ ಕಣಕ್ಕ, ಒಂದೇ ಟ್ರೇ. ನಾನ್ ಮಾರೋನು. ಚಪ್ಲಿ ಅಂಗ್ಡಿಯವ್ನು ಚಪ್ಲಿ ತಿಂತಾನಾ?" ಎನ್ನುತ್ತಿದ್ದರು. ಒಮ್ಮೆ ಒಂದು ಮೊಟ್ಟೆ ಕೊಳೆತು ಒಡೆದುಹೋಯಿತು. ಅವರು ಟವೆಲ್ಲಿನ ಸಮೇತ ಮೋರಿಯ ಹತ್ತಿರ ಓಡಿ, ಬೆಳಗ್ಗೆ ಉಂಡ ರೊಟ್ಟಿಯನ್ನೆಲ್ಲ ಕಕ್ಕಿಕೊಂಡು, ಆವತ್ತು ಅಂಗಡಿಯನ್ನೇ ಮುಚ್ಚಿದರು. ಒಳ್ಳೆಯ ಮೊಟ್ಟೆ ಯಾವುದು ಕೆಟ್ಟದ್ದು ಯಾವುದು ಎಂದು ಕೇಳಿದರೆ ಅವರ ಉತ್ತರ ಒಂದೇ: "ನಂಗ್ ಎಲ್ಲಾ ಒಂದೇ ನಾತ."

ಅಂಥವರಿಗೆ ಒಂದು ದಿನ ಕಾರ್ಖಾನೆಯ ಗೆಸ್ಟ್ ಹೌಸಿನಿಂದ ಆರ್ಡರು ಬಂತು. ಅಲ್ಲಿ ಯಂತ್ರ ಕೂರಿಸಲು ವಿದೇಶದ ಇಂಜಿನಿಯರುಗಳು ಹೆಂಡತಿ ಮಕ್ಕಳ ಸಮೇತ ಬಂದಿದ್ದರು. ಪ್ರತಿ ಭಾನುವಾರ ಅವರಿಗೆ ಬ್ರೆಡ್ಡಿನದೇ ಒಂದು ತಿಂಡಿ ಬೇಕಂತೆ. ರಾತ್ರಿಯೆಲ್ಲ ಮೊಟ್ಟೆ ಬೆರೆಸಿದ ಹಾಲಿನಲ್ಲಿ ನೆನೆದು, ಬೆಳಗ್ಗೆ ಒಲೆಯಲ್ಲಿ ಬೇಯಬೇಕಂತೆ. ಗೆಸ್ಟ್ ಹೌಸಿನಲ್ಲಿ ಅಂಥ ಬೇಕರಿ ಒಲೆ ಇರಲಿಲ್ಲ. ಮೇನೇಜರು ಬಂದು ಮಾಡುವ ರೀತಿಯನ್ನು ವಿವರಿಸಿದಾಗ ನಾನು ಗೋಡೆಯ ಈಚೆ ಮೆಣಸಿನಕಾಯಿ ಒಣಹಾಕುತ್ತಿದ್ದೆ.

"ಇದನ್ನ ಎಷ್ಟೊತ್ಗೆ ತಿಂತಾರೆ ಸಾ?" ಗುರುಸಿದ್ದಪ್ಪನವರು ಕೇಳಿದರು.

"ಹನ್ನೊಂದಕ್ಕೆ. ತಿಂಡಿನೂ ಅದೇ, ಊಟನೂ ಅದೇ."

"ಹನ್ನೊಂದ್ಗಂಟೆಗಾ? ಅಲ್ಲೀಗಂಟ ಅಸ್ಕೊಂಡ್ ಕೂತಿರ್ತಾರಾ? ಅವರವ್ವಂದಿರು ಏನೂ ಅನ್ನಕಿಲ್ವಾ?"

ಒಲ್ಲೆ ಎನ್ನುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮೈಸೂರಿನ ಪ್ಯಾಕೆಟ್ ಬ್ರೆಡ್ಡು ಊರಿನ ಅಂಗಡಿಗಳಿಗೆಲ್ಲ ಬರತೊಡಗಿತ್ತು, ಇವರದನ್ನು ಕೇಳುವವರು ಕಡಿಮೆಯಾಗಿದ್ದರು. ಈ ಭಾನುವಾರದ ಟ್ರೇ ಸರಿಯಾಗಿ ಹೋದರೆ ಗೆಸ್ಟ್ ಹೌಸಿನ ದಿನದ ಬ್ರೆಡ್ಡೂ ಇವರದೇ ಎಂದು ಮೇನೇಜರು ಮಾತು ಕೊಟ್ಟಿದ್ದರು. ತಪ್ಪಿದರೆ ಒಲೆ ಆರಿಸಬೇಕಾಗಿತ್ತು. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಶನಿವಾರ ಸಂಜೆಯಾದರೆ ಆ ಕೆಲಸ ಶುರು. ಹಿಂದಿನ ದಿನದ ಬ್ರೆಡ್ಡನ್ನು ದಪ್ಪಗೆ ಕೊಯ್ದು, ಬೆಣ್ಣೆ ಸವರಿದ ಟ್ರೇಗಳಲ್ಲಿ ಜೋಡಿಸುತ್ತಿದ್ದರು. ಆಮೇಲೆ ಟವೆಲ್ಲು, ಗೋಡೆ, ಎಡಗೈ. ಮೊಟ್ಟೆಗೆ ಹಾಲು, ಸಕ್ಕರೆ, ಚಕ್ಕೆಪುಡಿ ಹಾಕಿ ಕಡೆದು ಬ್ರೆಡ್ಡಿನ ಮೇಲೆ ಸುರಿಯುತ್ತಿದ್ದರು. ಬ್ರೆಡ್ಡು ಕುಡಿದು ಕುಡಿದು ಊದಿಕೊಳ್ಳುತ್ತಿತ್ತು, ನೀರಿನಲ್ಲಿ ನೆನೆದ ಗಾಯದ ಪಟ್ಟಿಯ ಹಾಗೆ. ಅದನ್ನು ಫ್ರಿಜ್ಜಿಗೆ ತಳ್ಳಿ, ಕೈಗೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿಕೊಂಡು, ತಲೆಯ ಮೇಲೆ ತಣ್ಣೀರು ಸುರಿದುಕೊಂಡೇ ಅವರು ಮನೆಗೆ ಹೋಗುತ್ತಿದ್ದದ್ದು.

ಮಾಡುವುದೇನೋ ಮಾಡಿದರು. ರುಚಿ ನೋಡುವವರು ಯಾರು? ಒಲೆಯ ಕೆಲಸಕ್ಕೆ ಇಟ್ಟುಕೊಂಡಿದ್ದವರು ಶನಿವಾರ ಮಧ್ಯಾಹ್ನವೇ ಊರಿಗೆ ಹೊರಟುಬಿಡುತ್ತಿದ್ದರು. ಬೀದಿಯಲ್ಲಿ ಮೊಟ್ಟೆ ತಿನ್ನುವ ಮನೆ ನಮ್ಮದೊಂದೇ. ಮೊದಲ ಭಾನುವಾರವೇ ಗೋಡೆಯ ಮೇಲೆ ಅವರ ತಲೆ ಕಾಣಿಸಿತು.

"ಅಕ್ಕಾ, ತಪ್ ತಿಳ್ಕೋಬೇಡಿ. ಒಂದ್ ಚೂರ್ ಬಾಯ್ಗಾಕಿ ಏಳಿ, ಬೆಂದದಾ ಇಲ್ವಾ ಅಂತ."

ಕಾಗದದ ಮೇಲೆ ಒಂದು ಮೂಲೆಯ ತುಂಡು, ಹಬೆಯಾಡುತ್ತಿತ್ತು. ಮೇಲೆ ಕಂದು, ಒಳಗೆ ಹಳದಿ, ಮುಟ್ಟಿದರೆ ಗದಗದ ಅಲುಗುತ್ತಿತ್ತು. ನಾವು ಒಕ್ಕಲು ಮಕ್ಕಳು, ಮೊಟ್ಟೆ ನಮಗೆ ಹೊಸದಲ್ಲ. ಆದರೆ ಮೊಟ್ಟೆ ಎಂದರೆ ಈರುಳ್ಳಿ, ಹಸಿಮೆಣಸಿನಕಾಯಿ, ಮೇಲಷ್ಟು ಮೆಣಸಿನಪುಡಿ. ಚಕ್ಕೆ ಎಂದರೆ ಕೋಳಿಸಾರು. ಇಲ್ಲಿ ಕೋಳಿಸಾರಿನ ವಾಸನೆ ಬರುತ್ತದೆ, ಬಾಯಿಗಿಟ್ಟರೆ ಪಾಯಸದ ಸಿಹಿ, ನಾಲಗೆಯ ಕೆಳಗೆ ಹಸುಗೂಸು ಕಕ್ಕಿದ ಹಾಲಿನ ಕಮಟು. ನುಂಗುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಬ್ರೆಡ್ಡೆಂಬುದೇ ನಮ್ಮಲ್ಲಿ ಜ್ವರ ಬಂದವರ ಆಹಾರ. ಅದನ್ನು ಇಷ್ಟು ಹದಗೆಡಿಸಿ ತಿನ್ನುವವರಿಗೆ ಇನ್ನೇನು ಕಾಯಿಲೆಯೋ ಅನ್ನಿಸಿತು.

"ಎಂಗದೆ?" ಅವರು ಟವೆಲ್ಲನ್ನು ಇನ್ನೂ ಬಿಚ್ಚಿರಲಿಲ್ಲ.

"ಬೆಂದಿದೆ ಗುರುಸಿದ್ದಪ್ನೋರೆ. ತಿನ್ನೋರಿಗೆ ಚೆನ್ನಾಗಿರ್ತದೆ."

"ನೀವೂ ವಾಕರಿಸ್ಕೋತಿದ್ದೀರಲ್ಲಕ್ಕ."

"ಅದು ನನ್ ಕರ್ಮ. ಕಳಿಸಿ ನೀವು."

ಅವರು ಗೋಡೆಯ ಮೇಲೆ ಹಣೆಯಿಟ್ಟು ನಕ್ಕರು. "ಮಾಡೋನ್ಗೂ ಅಸಯ್ಯ, ರುಚಿ ನೋಡೋರ್ಗೂ ಅಸಯ್ಯ. ತಿನ್ನೋರ್ ಚೆನ್ನಾಗಿರ್ಲಿ."

ಅಲ್ಲಿಂದಾಚೆಗೆ ಇದೇ ರೂಢಿಯಾಯಿತು. ಭಾನುವಾರ ಬೆಳಗ್ಗೆ ನಾನು ಉಪ್ಪಿನಕಾಯಿಯ ಹೋಳೊಂದನ್ನು ಸಿದ್ಧವಾಗಿ ಇಟ್ಟುಕೊಂಡೇ ಗೋಡೆಯ ಬಳಿ ಹೋಗುತ್ತಿದ್ದೆ. ಸಿಹಿ ಮುಂದು, ಹಸಿ ವಾಸನೆ ಇದೆ, ಇನ್ನಷ್ಟು ಹೊತ್ತು ಬೇಯಲಿ ಎಂದು ಹೇಳಿ, ಉಪ್ಪಿನಕಾಯಿ ಚೀಪಿ ಬಾಯಿ ಸರಿ ಮಾಡಿಕೊಳ್ಳುತ್ತಿದ್ದೆ. ಯಜಮಾನರು, "ಏನೇ ಇದು, ಭಾನುವಾರ ಭಾನುವಾರ ಬಸುರಿ ಥರ ಆಡ್ತೀಯಲ್ಲ" ಎಂದು ಅಣಕಿಸುತ್ತಿದ್ದರು. ಬಿಡಬಹುದಿತ್ತು. ಆದರೆ ಆ ಟವೆಲ್ಲಿನ ಮೇಲಿನ ಎರಡು ಕಣ್ಣು ನನ್ನ ಬಾಯನ್ನೇ ನೋಡುತ್ತಾ ನಿಂತಿರುತ್ತಿದ್ದವು. ಆಗುವುದಿಲ್ಲ ಎನ್ನಲು ಮನಸ್ಸು ಬರಲಿಲ್ಲ.

ಹೀಗೆ ಒಂದು ಬೇಸಿಗೆಯ ಶನಿವಾರ ನಾವು ಮನೆಮಂದಿಯೆಲ್ಲ ನನ್ನ ತವರು ಹೆಮ್ಮಿಗೆಗೆ ಹೋದೆವು, ಅಣ್ಣನ ಮಗುವಿನ ನಾಮಕರಣಕ್ಕೆ. ಭಾನುವಾರ ಸಂಜೆ ಬಸ್ಸಿಳಿದು ಬಂದರೆ ಬೇಕರಿಯ ಹಿಂದಿನ ಮೋರಿಯ ಪಕ್ಕ ಟ್ರೇಗಳು ಬೋರಲು ಬಿದ್ದಿದ್ದವು. ಬೀದಿಯ ನಾಯಿಗಳೆಲ್ಲ ಹೊಟ್ಟೆ ಬಿರಿಯುವಂತೆ ತಿಂದು ಅಲ್ಲೇ ಅಡ್ಡಡ್ಡ ಮಲಗಿದ್ದವು. ಗುರುಸಿದ್ದಪ್ಪನವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒದ್ದೆ ಪಂಚೆಯಲ್ಲಿ ಕೂತಿದ್ದರು. ಹಣೆಯಲ್ಲಿ ವಿಭೂತಿ ಇರಲಿಲ್ಲ. ಅವರನ್ನು ಹಾಗೆ ನಾನು ನೋಡಿಯೇ ಇರಲಿಲ್ಲ.

"ಏನಾಯ್ತು?" ಎಂದೆ.

"ತಿಂದ್ಬುಟ್ಟೆ ಕಣಕ್ಕ."

ಬೆಳಗ್ಗೆ ಬಂದು ನೋಡಿದಾಗ ಕರೆಂಟು ಇರಲಿಲ್ಲ, ಫ್ರಿಜ್ಜು ಸದ್ದಿಲ್ಲದೆ ನಿಂತಿತ್ತಂತೆ. ಎಷ್ಟು ಹೊತ್ತಿನಿಂದ ಎಂದು ತಿಳಿಯದು. ಏನಾದರಾಗಲಿ ಎಂದು ಬೇಯಿಸಿದರು. ಗೆಸ್ಟ್ ಹೌಸಿನ ವ್ಯಾನು ಬಂದು ನಿಂತಿತು. ಗೋಡೆಯ ಮೇಲಿಂದ ಕೂಗಿದರೆ ನಮ್ಮ ಮನೆಗೆ ಬೀಗ.

"ವ್ಯಾನ್ ಡ್ರೈವರು, ಕೊಡಿ ಸಾ ಅತ್ಲಾಗೆ, ಬಿಳಿಯೋರ್ ಒಟ್ಟೆಗೆ ಏನಾಯ್ತದೆ ಅಂದ. ಮಕ್ಳೂ ತಿಂತವಲ್ಲಕ್ಕ ಅದನ್ನ. ನಂಗ್ ಕೊಡಕ್ಕೆ ಕೈಯೇ ಬರ್ನಿಲ್ಲ. ಲಿಂಗ ಬಿಚ್ಚಿ ಗೂಡ್ನಲ್ಲಿಟ್ಟೆ. ಟವಲ್ ತಗುದ್ ಬಾಯ್ಗಾಕ್ಕೊಂಡೆ." ಒದ್ದೆ ಪಂಚೆಯ ಚುಂಗಿನಿಂದ ತುಟಿ ಒರೆಸಿಕೊಂಡರು. "ಅಯ್ಯಪ್ಪಾ, ಏನ್ ಕೆಟ್ಟೋಗಿತ್ತು ಅಂತೀರಿ. ನಾತ, ಲೋಳೆ, ಒಳ್ಗೆಲ್ಲಾ ಕೊಳ್ತೋಗಿತ್ತು. ಪೂರಾ ಎತ್ತಿ ಮೋರಿಗ್ ಸುರ್ದೆ. ಮೇನೇಜರು ಬಂದು ಬಾಯ್ಗ್ ಬಂದಂಗ್ ಬಯ್ದು, ನಾಳೆಯಿಂದ ಬ್ರೆಡ್ಡೂ ಬ್ಯಾಡ ಅಂದ್ಬುಟ್ಟ."

ಒಂದು ಟ್ರೇಯ ಮೂಲೆಯಲ್ಲಿ ಕಚ್ಚಿಕೊಂಡಿದ್ದ ತುಂಡಿತ್ತು. ನಾನು ಉಗುರಿನಿಂದ ಎಬ್ಬಿಸಿ ಬಾಯಿಗಿಟ್ಟೆ. ಅದೇ ಸಿಹಿ, ಅದೇ ಚಕ್ಕೆ, ಅದೇ ಕಮಟು. ಪ್ರತಿ ಭಾನುವಾರ ನನ್ನ ಹೊಟ್ಟೆ ತೊಳಸಿದಷ್ಟೇ ಅವತ್ತೂ ತೊಳಸಿತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೆಟ್ಟಿರಲಿಲ್ಲ. ಕರೆಂಟು ಹೋದದ್ದೇ ಬೆಳಗಿನ ಜಾವದಲ್ಲೆಂದು ಆಮೇಲೆ ಎದುರು ಮನೆಯವರು ಹೇಳಿದರು. ಹುಟ್ಟಿದಂದಿನಿಂದ ಮೊಟ್ಟೆ ತಿನ್ನದ ಮನುಷ್ಯನಿಗೆ ಒಳ್ಳೆಯ ಮೊಟ್ಟೆಯ ರುಚಿಯೇ ಕೊಳೆತ ರುಚಿಯಾಗಿತ್ತು.

"ನಾಳೆ ಮಠಕ್ ಓಯ್ತೀನಿ" ಅವರು ಹೇಳುತ್ತಿದ್ದರು. "ತಪ್ ಕಾಣ್ಕೆ ಇಟ್ಟು, ಕೈ ಮುಗ್ಕೊಂಡು ಬತ್ತೀನಿ. ಬುದ್ಯೋರು ಕೇಳೇ ಕೇಳ್ತಾರೆ, ಯಾಕ್ ತಿಂದೆ ಅಂತ. ಕೆಟ್ಟದಾ ಅಂತ ನೋಡಕ್ಕೆ ಅಂತೀನಿ. ಕೆಟ್ಟಿತ್ತಾ ಅಂತಾರೆ." ನನ್ನ ಕಡೆ ತಿರುಗಿದರು. "ಕೆಟ್ಟಿತ್ತಲ್ವಾ ಅಕ್ಕ?"

ತುಂಡು ಇನ್ನೂ ನನ್ನ ನಾಲಗೆಯ ಮೇಲಿತ್ತು. ಅವತ್ತು ಉಪ್ಪಿನಕಾಯಿಯೂ ಇರಲಿಲ್ಲ. ಮೋರಿಗೆ ಉಗಿದು, "ಥೂ, ಕೆಟ್ಟಿತ್ತು" ಎಂದೆ.

ಅವರು ಮೈ ಸಡಿಲಿಸಿ ಗೋಡೆಗೆ ಒರಗಿದರು.

ಮಠದಲ್ಲಿ ಏನಾಯಿತೋ ನಾನು ಕೇಳಲಿಲ್ಲ. ಹಣೆಗೆ ವಿಭೂತಿ ಬಂದಿತ್ತು, ಅಷ್ಟು ಕಂಡೆ. ಗೆಸ್ಟ್ ಹೌಸಿನವರು ಮೈಸೂರಿನಿಂದ ತರಿಸಿಕೊಂಡರು. ಆ ಮಳೆಗಾಲ ಮುಗಿಯುವುದರೊಳಗೆ ಬೇಕರಿಯ ಬಾಗಿಲು ಮುಚ್ಚಿತು, ಒಲೆಯ ಇಟ್ಟಿಗೆಯನ್ನು ಯಾರೋ ಕೊಂಡುಹೋದರು. ಗುರುಸಿದ್ದಪ್ಪನವರು ಟಿ. ನರಸೀಪುರಕ್ಕೆ ಹೋಗಿ ಪುರಿ ಕಡಲೆ ಅಂಗಡಿ ಇಟ್ಟರೆಂದು ಕೇಳಿದೆ.

ನಾನು ಅವರನ್ನು ಮತ್ತೆ ನೋಡಿದ್ದು ಎರಡು ಸಾವಿರನೇ ಇಸವಿಯ ಈಚೆಗೆ, ಒಂದೇ ಸಲ, ಅದೇ ಕಡೆಯ ಸಲ. ಹೆಮ್ಮಿಗೆಯಿಂದ ಬರುತ್ತಾ ನರಸೀಪುರದಲ್ಲಿ ಬಸ್ಸು ಬದಲಿಸಲು ಇಳಿದಿದ್ದೆ. ಬಸ್ ಸ್ಟ್ಯಾಂಡಿನ ಎದುರು, ಪುರಿ ಮೂಟೆಗಳ ನಡುವೆ ಕೂತಿದ್ದರು. ತಲೆ ನೆರೆತಿತ್ತು. ಟವೆಲ್ಲು ಹೆಗಲ ಮೇಲಿತ್ತು, ಅವರ ಪೂರ್ತಿ ಮುಖವನ್ನು ಅಂಗಡಿಯೊಳಗೆ ನೋಡಿದ್ದು ನನಗೆ ಹೊಸದು. ತಮ್ಮ ಅಂಗಡಿಯ ಪುರಿಯನ್ನೇ ಮುಕ್ಕುತ್ತಿದ್ದರು.

"ಬನ್ನಿ ಬನ್ನಿ, ನರಸೀಪುರ್ದಲ್ಲಿ ಇದ್ಯಾರು" ಎಂದು ಎದ್ದು, ಕಾಗದದಲ್ಲಿ ಪುರಿ ಕಟ್ಟಿ ಕೈಗಿಟ್ಟರು. ದುಡ್ಡು ಕೊಡಹೋದರೆ ಗದರಿದರು. ಮಕ್ಕಳು ಮರಿ ವಿಚಾರಿಸಿದರು. ಬಸ್ಸಿನವನು ಹಾರನ್ ಹೊಡೆದ. ಹೊರಟವಳನ್ನು ಮತ್ತೆ ಕರೆದರು.

"ಅಕ್ಕ, ಒಂದೊಂದ್ಸಲ ಯೋಚ್ನೆ ಬತ್ತದೆ. ಆವತ್ ನೀವು ಊರ್ಗೆ ಓಗ್ದೆ ಇದ್ದಿದ್ರೆ, ನಾನ್ ಗೋಡೆ ಮೇಲಿಂದ ಕೊಡ್ತಿದ್ದೆ, ನೀವು ಎಂದಿನಂಗೆ ಬಾಯ್ಗಾಕ್ಕೊಂಡ್ ಬುಡ್ತಿದ್ರಿ. ಎಳೇ ಮಕ್ಕಳ ತಾಯಿ. ಅಂಥಾ ಕೊಳ್ತಿದ್ದು ಒಟ್ಟೆಗೋಗಿದ್ರೆ ಏನ್ ಗತಿ?" ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡರು. "ಸದ್ಯ, ನಿಮ್ ಬದ್ಲು ನಾನ್ ತಿಂದೆ. ಅದೊಂದೇ ಸಮಾದಾನ ಕಣಕ್ಕ ನಂಗೆ."

ಅವರ ಕಣ್ಣುಗಳು ನನ್ನ ಬಾಯನ್ನೇ ನೋಡುತ್ತಿದ್ದವು. ನಾನು ಕಾಗದ ಬಿಚ್ಚಿ, ಮಾತು ಹೊರಡದಷ್ಟು ಪುರಿಯನ್ನು ಬಾಯಿಗೆ ತುಂಬಿಕೊಂಡು, ಹೌದೆಂದು ತಲೆಯಾಡಿಸಿ ಬಸ್ಸು ಹತ್ತಿದೆ.