ದನಿಯನ್ನು ನಂಬದ ಲಾನ್ನಿ

ಬೆಳಕು ಹರಿಯುವ ಹೊತ್ತು. ಹುಲ್ಲುಗಾವಲ ಮೇಲೆ ಮಂಜು ಎಷ್ಟು ದಟ್ಟವಾಗಿದೆಯೆಂದರೆ ನನ್ನ ಕಾಲು ನನಗೇ ಕಾಣುತ್ತಿಲ್ಲ. ಪಕ್ಕದ ಬಂಡೆಯ ಮೇಲೆ ನಿಂತ ಹಿರಿಯಾಕೆ ಕಾಂಗ್ ಲಾನ್ನಿ ಬಾಯಿಗೆ ಕೈ ಅಡ್ಡ ಹಿಡಿದು 'ಓಹೋಯ್' ಎಂದು ಕೂಗುತ್ತಾರೆ. ಮಂಜಿನೊಳಗಿಂದ ಒಂದೊಂದೇ 'ಓಹೋಯ್' ತಿರುಗಿ ಬರುತ್ತದೆ. ಅಲ್ಲೆಲ್ಲೋ ಆರು ಮಂದಿ ಹೆಂಗಸರು ಬಗ್ಗಿಕೊಂಡು ಝಾಮಾ ಹೂ ಬಿಡಿಸುತ್ತಿದ್ದಾರೆ.

ಝಾಮಾ ಎಂದರೆ ಚೀನಾದ ಶಾನ್ಸಿ ಸೀಮೆಯ ನಮ್ಮ ಬೆಟ್ಟಗಳ ಕಾಡು ಈರುಳ್ಳಿ. ಅದರ ಗಡ್ಡೆ ಯಾರಿಗೂ ಬೇಡ, ಹೂವಿಗೆ ಮಾತ್ರ ಎಲ್ಲರೂ ಪ್ರಾಣ ಬಿಡುತ್ತಾರೆ. ಒಣಗಿಸಿದ ಹೂವನ್ನು ಕಾದ ಅಗಸೆ ಎಣ್ಣೆಯಲ್ಲಿ ಚುರ್ ಎನ್ನಿಸಿ ಶ್ಯಾವಿಗೆಯ ಮೇಲೆ ಸುರಿದರೆ ಜ್ವರ ಬಂದವನೂ ಇನ್ನೊಂದು ಬಟ್ಟಲು ಕೇಳುತ್ತಾನೆ. ಆದರೆ ಅದು ಅರಳುವುದು ನಮ್ಮ ಪಂಚಾಂಗದ ಏಳನೇ ತಿಂಗಳಲ್ಲಿ, ಸತ್ತವರು ಮನೆಗೆ ಬಂದುಹೋಗುವ ತಿಂಗಳಲ್ಲಿ. ಅದಕ್ಕೇ ಬೆಟ್ಟದ ಮೇಲೆ ಯಾರೂ ಹೆಸರು ಹಿಡಿದು ಕೂಗುವುದಿಲ್ಲ. ಕೇಳಿಸಿಕೊಂಡ ಸತ್ತವರು ಆ ಹೆಸರು ಕಲಿತುಬಿಡುತ್ತಾರಂತೆ.

ಇಲ್ಲಿ ಹುಲ್ಲಿನ ಅಡಿಯಲ್ಲೇ ಮಣ್ಣು ಬಿರಿದು ಕೊರಕಲು ಬಿದ್ದಿರುತ್ತದೆ. ದಾರಿ ತಪ್ಪದಿರಲೆಂದು ಲಾನ್ನಿ ಕೂಗುತ್ತಾರೆ, ಹೂ ಬಿಡಿಸುವುದಿಲ್ಲ. ಇಳಿಯುವಾಗ ಒಬ್ಬೊಬ್ಬಳೂ ಕೊಡುವ ಒಂದು ಹಿಡಿ ಹೂವೇ ಅವರ ಕೂಲಿ. ಪಟ್ಟಣದಲ್ಲಿ ಮಾರುವ ಪೊಟ್ಟಣದ ಮೇಲೆ ಹೂವಿನ ಚಿತ್ರವಿದೆ, ಬೆಟ್ಟದ ಚಿತ್ರವಿದೆ, ಈ ಗಂಟಲಿನ ಸುದ್ದಿಯೇ ಇಲ್ಲ. ನನಗೆ ಸಿಟ್ಟು ಬರುತ್ತದೆ.

"ನನ್ ಮುಖ ಹಾಕಿದ್ರೆ ಪೊಟ್ಟಣ ಯಾರ್ ಕೊಳ್ತಾರೆ, ಬಿಡಮ್ಮ," ಎಂದು ಅವರು ನಗುತ್ತಾರೆ.

ಬಿಡಿಸಿದ್ದು ಸಾಕಾಯಿತು. ಲಾನ್ನಿ ಕೊನೆಯ ಸಲ ಕೂಗುತ್ತಾರೆ. ಆರು ದನಿಗಳು ಓಗೊಡುತ್ತವೆ. ಹೆಂಗಸರು ಮಂಜಿನಿಂದ ಹೊರಬಂದು ಒಬ್ಬೊಬ್ಬರಾಗಿ ಕೈ ಚಾಚುತ್ತಾರೆ. ಲಾನ್ನಿ ಅಂಗೈ ಹಿಡಿದು ಮೂಸುತ್ತಾರೆ. ಝಾಮಾ ಬಿಡಿಸಿದ ಕೈಯ ವಾಸನೆ ಸೋಪು ಹಾಕಿದರೂ ಹೋಗದು. "ಸರಿ, ನಡಿ," ಎಂದು ಒಬ್ಬೊಬ್ಬರನ್ನೇ ಇಳಿಯುವ ದಾರಿಯತ್ತ ಬಿಡುತ್ತಾರೆ.

"ಮೊದ್ಲು ನಾನೂ ದನೀನೇ ಎಣಿಸ್ತಿದ್ದೆ," ಎನ್ನುತ್ತಾರೆ. "ನನ್ ಓರಗಿತ್ತಿ ಹೊಸದಾಗಿ ಮದ್ವೆಯಾಗಿ ಬಂದಿದ್ಳು. ಒಂದಿನ ಹೂವಿಗೆ ಕರ್ಕೊಂಡ್ ಬಂದೆ. ಎಲ್ರೂ ಓಗೊಟ್ರು, ಲೆಕ್ಕ ಸರಿಯಾಯ್ತು, ಇಳಿಸ್ಕೊಂಡ್ ಹೋದೆ. ಮನೇಲಿ ನೋಡಿದ್ರೆ ಅವಳಿಲ್ಲ. ಕೊರಕಲಲ್ಲಿ ಸಿಕ್ಕಿದ್ಳು. ಬಿದ್ದ ತಕ್ಷಣ ಕತ್ತು ಮುರಿದಿತ್ತಂತೆ. ಹಾಗಾದ್ರೆ ಓಗೊಟ್ಟೋರು ಯಾರು? ಅವತ್ತಿಂದ ಕೈ ಮೂಸ್ತೀನಿ, ಸತ್ತೋರ ಕೈಗೆ ಹೂವಿನ ವಾಸ್ನೆ ಹತ್ತಲ್ಲ."

ಹೀಗೆನ್ನುತ್ತಲೇ ಅವರು ಮಂಜಿನ ಕಡೆ ತಿರುಗುತ್ತಾರೆ. ಬಂದಿರುವ ಕೈಗಳು ಐದೇ.

"ಆ ಕುಳ್ಳಿ ಆಚೆ ದಾರೀಲಿ ಇಳಿದಿರ್ತಾಳೆ, ದೊಡ್ಡಮ್ಮ," ಎಂದು ಗೈಲಾನ್ ಎಂಬಾಕೆ ಬುಟ್ಟಿ ಎತ್ತಿಕೊಳ್ಳುತ್ತಾಳೆ. "ಈಗ ತಾನೇ ಓಗೊಟ್ಳಲ್ಲ! ಬಿಸಿಲೇರಿದ್ರೆ ಹೂ ಬಾಡುತ್ತೆ."

"ದನಿ ನಂಗೂ ಕೇಳಿಸ್ತು. ಕೈ ಎಲ್ಲಿ?"

"ನಿಮ್ದೊಂದು ಹುಚ್ಚು."

"ಹುಚ್ಚೇ ಅನ್ಕೋ. ಹಗ್ಗ ತಗೊಂಡ್ ಬಾ."

ಲಾನ್ನಿ ಕೋಲಿನಿಂದ ನೆಲ ತಟ್ಟುತ್ತಾ ಮುಂದೆ ನಡೆಯುತ್ತಾರೆ, ನಾವು ಹಗ್ಗ ಹಿಡಿದು ಹಿಂದೆ. ಹುಲ್ಲು ಕುಸಿದ ಒಂದು ಬಿರುಕಿನಲ್ಲಿ ಕುಳ್ಳಿ ಎದೆಮಟ್ಟ ಹೂತುಹೋಗಿದ್ದಾಳೆ. ಮುಖವೆಲ್ಲ ಮಣ್ಣು, ಕಣ್ಣು ಮಾತ್ರ ಆಡುತ್ತಿದೆ. ಎಳೆದು ಮೇಲೆ ಹಾಕುತ್ತೇವೆ. ಲಾನ್ನಿ ಅವಳ ಬಾಯಿಂದ ಮಣ್ಣು ತೆಗೆದು, ಆಮೇಲೆ ಅಂಗೈ ಮೂಸುತ್ತಾರೆ.

"ಓಗೊಟ್ಟಿದ್ದು ಒಳ್ಳೇದಾಯ್ತು ಕಣೇ," ಎಂದು ಗೈಲಾನ್ ಅಳುತ್ತಾಳೆ.

ಕುಳ್ಳಿ ಕೆಮ್ಮಿ ಉಗುಳುತ್ತಾಳೆ. "ನಾನೆಲ್ಲಿ ಓಗೊಟ್ಟೆ? ಮಬ್ಬಲ್ಲೇ ಬಿದ್ದೆ. ಬಾಯ್ ತುಂಬ ಮಣ್ಣಿತ್ತಲ್ಲ."

ಕೊರಕಲಿನ ಮರುದನಿ ಇರಬೇಕು ಎಂದು ಗೊಣಗುತ್ತೇನೆ. ಗೈಲಾನ್ ಕುಳ್ಳಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿಯುತ್ತಾಳೆ, ಉಳಿದವರು ಅವಳ ಹಿಂದೆ. ಲಾನ್ನಿ ಮಾತ್ರ ಬಂಡೆಯ ಬಳಿ ನಿಂತೇ ಇದ್ದಾರೆ.

"ಮರುದನಿ ಆಗಿದ್ರೆ ನನ್ ದನೀಲೇ ಕೇಳ್ಬೇಕಲ್ಲಮ್ಮ," ಎನ್ನುತ್ತಾರೆ. "ಓರಗಿತ್ತಿ ಸತ್ತ ದಿನ ಓಗೊಟ್ಟೋರು ಯಾರೋ ಗೊತ್ತಿಲ್ಲ. ಈಗ ಓಗೊಡೋದು ಅವಳೇ. ಒಂದೇ ಒಲೆ ಮುಂದೆ ಕೂತವ್ರು, ದನಿ ಗೊತ್ತಾಗಲ್ವಾ?"

ಹೆದರಿಕೆ ಆಗುವುದಿಲ್ಲವೇ ಎಂದು ಕೇಳುತ್ತೇನೆ.

"ಆಗುತ್ತೆ. ಆದ್ರೂ ಎಲ್ರೂ ಹೋದ್ಮೇಲೆ ಸ್ವಲ್ಪ ಹೊತ್ತು ನಿಂತ್ಕೋತೀನಿ." ಅವರು ಮಂಜಿನತ್ತ ಕೈ ಚಾಚುತ್ತಾರೆ. "ಅವಳ ಕೈ ಒಂದ್ಸಲ ಸಿಕ್ರೆ ಸಾಕು. ಮೂಸಲ್ಲ. ಸರಿ, ನಡಿ ಅಂತೀನಿ, ಅಷ್ಟೇ."