ದೀಪ ಹಚ್ಚಿದ ಮೇಲೆ ಕೊಡದ ಚೀಲ

ಸುವರ್ಣಾ, ಆ ಲಕ್ಷ್ಮೀಪೂಜೆಯ ಸಂಜೆ ನಾನು ನಿನಗೆ ಸುಳ್ಳು ಹೇಳಿದೆ. ನಿನ್ನದೇ ಚೀಲ ನಮ್ಮ ಮನೆಯಲ್ಲಿತ್ತು. ನೀನು ಕೇಳಲು ಬಂದೆ, ನಾನು ಕೊಡಲಿಲ್ಲ. ನಾಲ್ಕು ವರ್ಷ ಹೊತ್ತುಕೊಂಡು ತಿರುಗಿದ್ದು ಬರೆಯಲು ಕುಳಿತರೆ ಎರಡು ಸಾಲಿಗೆ ಮುಗಿದುಹೋಯಿತು —

ಮುಗಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಚಲಕರಂಜಿಯ ನಮ್ಮ ಓಣಿಯಲ್ಲಿ ಹಗಲೂ ಇರುಳೂ ಮಗ್ಗದ ಸದ್ದು. ನಿನ್ನ ಮನೆಯ ಗೋಡೆ ನಮ್ಮ ಅಡುಗೆಮನೆಗೇ ಹತ್ತಿಕೊಂಡಿದ್ದರೂ ವರ್ಷವಿಡೀ ನನಗೆ ಏನೂ ಕೇಳುತ್ತಿರಲಿಲ್ಲ. ದೀಪಾವಳಿಗೆ ಮಗ್ಗಗಳು ನಿಂತಾಗ ಕೇಳುತ್ತಿತ್ತು. ನೀನು ಮಗಳನ್ನು ಕರೆದುಕೊಂಡು ಗಂಡನೊಂದಿಗೆ ಆ ಮನೆಗೆ ಬಂದ ಮೊದಲ ದೀಪಾವಳಿಗೆ, ಪಾತ್ರೆ ಬಿದ್ದಿರಬೇಕು ಅಂದುಕೊಂಡೆ. ಮರುವರ್ಷ ಹಾಗೆ ಅಂದುಕೊಳ್ಳಲು ಆಗಲಿಲ್ಲ. ನಿನ್ನ ಗಂಡನೂ ನನ್ನವರೂ ಒಂದೇ ಶೆಡ್ಡಿನಲ್ಲಿ ಮಗ್ಗ ಹಾಕಿಕೊಂಡವರು. ಮಂದಿಯ ಸಂಸಾರದಲ್ಲಿ ಕೈ ಹಾಕುವುದು ಬೇಡ ಎಂದು ನನ್ನವರು ಹೇಳಿದರು. ನಾನು ಹೂಂ ಎಂದೆ.

ಮೂರನೆಯ ವರ್ಷ, ಹಬ್ಬಕ್ಕೆ ಹದಿನೈದು ದಿನ ಇರುವಾಗ, ನೀನು ಆ ನೀಲಿ ರೆಕ್ಸಿನ್ ಚೀಲ ತಂದೆ. ನಾನು ಡಬ್ಬಿಗಳನ್ನು ತೊಳೆದು ಬಿಸಿಲಿಗೆ ಹಾಕುತ್ತಿದ್ದೆ. ಚೀಲದಲ್ಲಿ ನಿನ್ನ ಆಧಾರ್ ಕಾರ್ಡು, ಮಗಳ ಜನನದ ದಾಖಲೆ, ಶಾಲೆಯ ಕಾಗದ, ಅವಳ ಎರಡು ಫ್ರಾಕು, ಬಸ್ಸಿಗೆ ಬೇಕಾದಷ್ಟು ದುಡ್ಡು. ಹಿಂದೊಮ್ಮೆ ಬರಿಗೈಯಲ್ಲಿ ಗಡಹಿಂಗ್ಲಜದ ತವರಿಗೆ ಹೋಗಿ, ಆ ಕಾಗದಗಳಿಗಾಗಿಯೇ ಮರಳಿ ಬರಬೇಕಾಯಿತು ಎಂದು ನೀನು ಹೇಳಿದೆ.

“ಮಗ್ಗ ಬಂದ್ ಆದ್ವು ಅಂದ್ರ ಇವರು ದಿನಾಪೂರ್ತಿ ಮನ್ಯಾಗ ಇರತಾರ್ರಿ. ಮಂದಿಗೆ ಹಬ್ಬ, ನನಗ ಅಂಜಿಕಿ, ಅಕ್ಕಾರ.”

ಲಕ್ಷ್ಮೀಪೂಜೆಯ ಸಂಜೆ ಗಂಡ ಶೆಡ್ಡಿನ ಪೂಜೆಗೆ ಹೋಗುತ್ತಾನೆ, ಒಂದು ತಾಸು ಸಿಗುತ್ತದೆ, ಆಗ ಬಂದು ಒಯ್ಯುತ್ತೇನೆ ಎಂದು ನೀನೇ ಹೇಳಿದೆ. ನಾನು ಚೀಲವನ್ನು ಒಳಕೋಣೆಯ ಕಪಾಟಿನಲ್ಲಿ, ಹಳೆಯ ಸೀರೆಗಳ ಕೆಳಗೆ ಇಟ್ಟೆ. ಇಟ್ಟಾಗ ನನಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಅದನ್ನೂ ಹೇಳಿಬಿಡಬೇಕು.

ನಾನು ಮರೆತದ್ದು ಒಂದೇ. ಲಕ್ಷ್ಮೀಪೂಜೆಯಂದು ನಮ್ಮಲ್ಲಿ ಪೂಜೆಯಾಗುವುದು ದುಡ್ಡು ಬಂಗಾರ ಇಡುವ ಆ ಕಪಾಟಿಗೇ.

ನೀನು ಬಂದಾಗ ದೀಪ ಹಚ್ಚಿ ಆಗಿತ್ತು. ಕಪಾಟಿನ ಬಾಗಿಲಿಗೆ ಕುಂಕುಮ, ಚೆಂಡುಹೂವಿನ ಮಾಲೆ. ಅದರ ಮುಂದೆ ನಮ್ಮ ಅತ್ತೆ, ಪಕ್ಕದಲ್ಲಿ ಕಬನೂರಿನಿಂದ ಬಂದ ನಾದಿನಿ. ಶೆಡ್ಡಿನ ಪೂಜೆಗೆ ಹೊರಡಬೇಕಿದ್ದ ನನ್ನವರು ಇನ್ನೂ ಅಲ್ಲೇ ಕುಳಿತಿದ್ದರು. ನೀನು ಕೈಯಲ್ಲಿ ಫರಾಳದ, ಹಬ್ಬದ ತಿಂಡಿಯ ತಟ್ಟೆ ಹಿಡಿದು, ಮೇಲೆ ಕ್ರೋಶಾದ ಬಟ್ಟೆ ಮುಚ್ಚಿ, ಹಬ್ಬದ ಗೆಳತಿಯ ಹಾಗೆ ಅಡುಗೆಮನೆಯ ಬಾಗಿಲಿಗೆ ಬಂದೆ. ಮಗಳು ಹೊಸ ಫ್ರಾಕಿನ ಕೆಳಗೆ ಶಾಲೆಯ ಕರಿ ಬೂಟು ಹಾಕಿಕೊಂಡಿದ್ದಳು. ಆ ಬೂಟು ನಾನು ನೋಡಿದೆ. ಲೇಸನ್ನು ನೀನು ಎರಡೆರಡು ಗಂಟು ಹಾಕಿ ಬಿಗಿದಿದ್ದೆ.

ಕಪಾಟು ತೆರೆದರೆ ಎಲ್ಲರೂ ಕೇಳುತ್ತಾರೆ — ಇದು ಯಾರ ಚೀಲ? ಎಂದಿನಿಂದ ಇಟ್ಟಿದ್ದೀ? ನನ್ನವರು ಅಷ್ಟು ಮಂದಿಯ ಮುಂದೆ ನನ್ನ ಮುಖ ನೋಡುತ್ತಾರೆ. ಇಷ್ಟೇ, ಸುವರ್ಣಾ. ಒಂದು ನೋಟ. ಅವರು ನನ್ನ ಮೇಲೆ ಎಂದೂ ಕೈ ಎತ್ತಿದವರಲ್ಲ, ನನಗೆ ಅಂಥ ಯಾವ ಹೆದರಿಕೆಯೂ ಇರಲಿಲ್ಲ.

“ದೀಪಾ ಹಚ್ಚೇವಿ, ಸುವರ್ಣಾ,” ಎಂದೆ. “ಇವತ್ತ ಮನ್ಯಾಂದ ಏನೂ ಹೊರಗ ಕೊಡಂಗಿಲ್ಲ. ನಾಳಿಗೆ ಬಾ.”

ನೀನು ನನ್ನನ್ನೇ ನೋಡಿದೆ.

“ಅದು ನಂದಾ ಐತಲ್ರಿ, ಅಕ್ಕಾರ.”

ನಾನು ಓದಿದ ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಮೆತ್ತಗೆ ಮಾತಾಡುವುದನ್ನು ಕಲಿಸಿದ್ದರು. ನಾನು ಅಷ್ಟೇ ಮೆತ್ತಗೆ ಮತ್ತೊಮ್ಮೆ ಹೇಳಿದೆ — ನಾಳೆ. ನೀನು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಮಗಳ ಕೈ ಹಿಡಿದು ಹೋದೆ.

ನಿನ್ನ ಗಂಡ ಶೆಡ್ಡಿನಿಂದ ಬೇಗ ಬಂದನಂತೆ. ಮಗಳ ಬೂಟು ಅವನೂ ನೋಡಿದನಂತೆ. ಗೋಡೆಯಾಚೆಯ ಸದ್ದು ನನಗೆ ಕೇಳಿತು. ಓಣಿಯಲ್ಲಿ ಪಟಾಕಿ ಹಾರುತ್ತಿದ್ದವು, ಇದೂ ಪಟಾಕಿಯೇ ಅಂದುಕೊಂಡೆ — ಇಲ್ಲ, ಅಂದುಕೊಳ್ಳಲಿಲ್ಲ. ಗೊತ್ತಿತ್ತು. ಎದ್ದು ನಿನ್ನ ಬಾಗಿಲು ಬಡಿಯಬಹುದಿತ್ತು. ನನ್ನವರನ್ನು ಕಳಿಸಬಹುದಿತ್ತು, ಪೊಲೀಸರಿಗೆ ಫೋನು ಮಾಡಬಹುದಿತ್ತು. ನಾನು ಒಲೆಯ ಮುಂದೆ ನಿಂತು ಚಕ್ಕುಲಿ ತಿರುವಿ ಹಾಕಿದೆ.

ಮರುದಿನ ಪಾಡವಾ, ಗಂಡನಿಗೆ ಆರತಿ ಬೆಳಗುವ ದಿನ. ತೆರೆದ ಬಾಗಿಲಿನಿಂದ ಕಂಡೆ, ನೀನು ಎಡಗೈಯಲ್ಲಿ ಬೆಳಗುತ್ತಿದ್ದೆ. ಬಲಗೈ ಸೆರಗಿನೊಳಗಿತ್ತು. ಎಣ್ಣೆಸ್ನಾನದ ಎಣ್ಣೆ ಚೆಲ್ಲಿ ಜಾರಿ ಬಿದ್ದಳು ಎಂದು ನಿನ್ನ ಅತ್ತೆ ಓಣಿಗೆಲ್ಲ ಹೇಳಿದರು. ಎಡಗೈಲೆ ಆರತಿ ಮಾಡಿದರೆ ಗಂಡನಿಗೆ ಒಳ್ಳೆಯದಾಗುತ್ತದೇನು ಎಂದು ನಮ್ಮ ನಾದಿನಿ ನಕ್ಕಳು. ನಾನು ನಗಲಿಲ್ಲ. ಬೇರೇನೂ ಮಾಡಲಿಲ್ಲ.

ಅದರ ಮರುದಿನ, ಅಣ್ಣತಂಗಿಯರ ಹಬ್ಬ ಭಾವಬೀಜಕ್ಕೆ, ನಿನ್ನ ಅಣ್ಣ ಬಂದು ಕರೆದುಕೊಂಡು ಹೋದರು. ಆಗ ಚೀಲ ಕೊಟ್ಟೆ. ಇಷ್ಟು ದಿನ ಜೋಪಾನ ಮಾಡಿದಿರಿ ಎಂದು ಅವರು ಕೈ ಮುಗಿದರು. ನಾನೂ ಮುಗಿದೆ.

ಹೋದ ತಿಂಗಳು ಕೊಲ್ಲಾಪುರದಲ್ಲಿ, ಅರಿವೆ ಅಂಗಡಿಯ ಮೆಟ್ಟಿಲ ಮೇಲೆ, “ಅಕ್ಕಾರ” ಎಂದು ನೀನೇ ಕೂಗಿದೆ. ಗಡಹಿಂಗ್ಲಜದಲ್ಲಿ ಹೊಲಿಗೆ ಅಂಗಡಿ ಹಾಕಿಕೊಂಡಿದ್ದೀ ಎಂದು ತಿಳಿದು ಸಂತೋಷವಾಯಿತು. ನಿನ್ನ ಬಲಗೈಯ ಮಣಿಕಟ್ಟು ಸ್ವಲ್ಪ ಸೊಟ್ಟಗಾಗಿದೆ. ದೊಡ್ಡ ಕತ್ತರಿ ಹಿಡಿಯಲಾಗುವುದಿಲ್ಲ, ಬಟ್ಟೆ ಕತ್ತರಿಸುವುದು ಮಗಳೇ ಎಂದು ನೀನು ಹೇಳಿದೆ. ಪಕ್ಕದಲ್ಲೇ ಇದ್ದ ಅವಳಿಗೆ ನನ್ನನ್ನು ತೋರಿಸಿ, “ಇವರ ನೋಡವಾ, ನಮ್ಮ ಚೀಲಾ ಕಾಯ್ದಾವ್ರು,” ಎಂದೆ. ಏನೋ ಹೇಳಲು ಹೋದೆ. ನೀನೇ ತಡೆದೆ. “ಅವತ್ತ ನೀವರ ಏನ ಮಾಡತಿದ್ರಿ, ದೀಪಾ ಹಚ್ಚಿದ್ರಿ.”

ಅಂದಿನಿಂದ ಮನೆಯಲ್ಲಿ ಎಲ್ಲರ ನಡುವೆ ಕುಳಿತರೂ ನಾನು ಒಬ್ಬಳೇ ಇದ್ದ ಹಾಗಿದೆ. ಇದನ್ನು ಯಾರಿಗೆ ಹೇಳಲಿ? ಹೇಳಬೇಕಾದವಳು ನೀನೊಬ್ಬಳೇ.

ಆ ಸಂಜೆ ನೀನು ಬರುವ ಸ್ವಲ್ಪ ಮುಂಚೆ, ದೀಪ ಹಚ್ಚಿದ ಮೇಲೆಯೇ, ಎದುರು ಮನೆಯ ಕಾಕೂ ಹಾಲು ಕೇಳಿ ಬಂದಿದ್ದರು. ನಾನು ಬಟ್ಟಲು ತುಂಬ ಕೊಟ್ಟೆ. “ನಿಮ್ಮ ಲಕ್ಷ್ಮಿ ನನ್ನ ಬಟ್ಟಲದಾಗ ಕುಂತ ಹೊಂಟಾಳ ನೋಡವಾ,” ಎಂದು ಅವರು ಚೇಷ್ಟೆ ಮಾಡಿದರು. ನಾನೂ ನಕ್ಕಿದ್ದೆ.

ನಿನ್ನ ತಟ್ಟೆ ಇನ್ನೂ ನನ್ನ ಹತ್ತಿರವೇ ಇದೆ. ಅಂಚಿನಲ್ಲಿ ನಿನ್ನ ತವರಿನ ಹೆಸರು ಕೊರೆದಿದೆ. ಬರುವ ವಾರ ದೀಪಾವಳಿಗೆ ಮಗ್ಗಗಳು ನಿಲ್ಲುತ್ತವೆ. ಅದಕ್ಕೆ ಮುಂಚೆ ಗಡಹಿಂಗ್ಲಜಕ್ಕೆ ಬರುತ್ತೇನೆ. ತಟ್ಟೆಯನ್ನು ಖಾಲಿ ಮರಳಿಸಬಾರದು ಎನ್ನುತ್ತಾರೆ. ಒಂದು ಉಂಡಿಯನ್ನಾದರೂ ಇಡೋಣವೆಂದು ಡಬ್ಬಿಗೆ ಕೈ ಹಾಕಿದೆ, ತೆಗೆದೆ.

ಖಾಲಿಯೇ ತರುತ್ತೇನೆ, ಸುವರ್ಣಾ. ನಿನ್ನ ಕೈಗೆ ಕೊಟ್ಟು, ಮಗಳ ಎದುರಿಗೇ, ಹಾಲಿನ ಮಾತು ಹೇಳುತ್ತೇನೆ.